ಮೂರನೆಯ ಕಿವಿಗೆ ಬಿದ್ದ ಹೆಸರು

ಕೂತ ಕಡೆ ಕೂರುವ ಜಾಯಮಾನ ನನ್ನದಲ್ಲ. ಹುಟ್ಟಿದಾಗಿನಿಂದ ಹಾಗೆಯೇ. ತೊಟ್ಟಿಲಲ್ಲಿ ಮಲಗಿಸಿದರೆ ಹಗ್ಗ ಕಿತ್ತು ಬರುವಂತೆ ಒದೆಯುತ್ತಿದ್ದೆನಂತೆ. ಈಗ ಮುದುಕಿಯಾಗಿ, ಮಂಡಿ ನೋವು ಬಂದು, ಗೋಡೆಗೆ ಒರಗಿ ಬರೆಯುವಾಗಲೂ ನಾಲ್ಕು ಸಾಲಿಗೊಮ್ಮೆ ಎದ್ದು ಬಾಗಿಲ ತನಕ ಹೋಗಿ ಬರುತ್ತೇನೆ. ಅಕ್ಷರ ಕಲಿತದ್ದೂ ಹಾಗೆಯೇ. ಮದುವೆಯಾದ ಮೇಲೆ ಯಜಮಾನರ ಹತ್ತಿರ ಜಗಳ ಮಾಡಿ, ಒಲೆಗೂ ಹಲಗೆಗೂ ಓಡಾಡುತ್ತ ಕಲಿತೆ. ಆದ್ದರಿಂದ ಈ ಬರಹ ಅಲ್ಲಿ ಇಲ್ಲಿ ಅಡ್ಡ ಹಾಯ್ದರೆ ಸುಧಾರಿಸಿಕೊಳ್ಳಿ.

ಹೇಳಬೇಕಾದದ್ದು ಒಂದು ಗಡ್ಡೆಯ ವಿಚಾರ. ಅಡವಿ ಈರುಳ್ಳಿ. ನನ್ನ ತವರು ಸಿದ್ದಾಪುರ, ಮೊಳಕಾಲ್ಮುರಿನ ಆಚೆ. ಅಲ್ಲಿ ಮಾತಿಗೆ ಅರ್ಧ ತೆಲುಗು ಬೆರೆತಿರುತ್ತದೆ, ಇದನ್ನು ನಕ್ಕ ಉಲ್ಲಿಗಡ್ಡ, ಅಂದರೆ ನರಿ ಈರುಳ್ಳಿ, ಎನ್ನುತ್ತಾರೆ. ನೋಡಿ, ಎಷ್ಟು ಸಲೀಸಾಗಿ ಹೆಸರು ಬರೆದುಬಿಟ್ಟೆ! ಒಂದು ಕಾಲಕ್ಕೆ ಇದನ್ನು ಔಷಧವೆಂದು ಬಾಯಿಬಿಟ್ಟು ಹೇಳಿದ್ದರೆ ನಮ್ಮವ್ವ ನನ್ನ ನಾಲಿಗೆಗೆ ಬರೆ ಹಾಕುತ್ತಿದ್ದಳು.

ಈ ಗಿಡವನ್ನು ನೀವು ತುಳಿದುಕೊಂಡೇ ಹೋಗಿರುತ್ತೀರಿ. ಬೇಸಿಗೆ ಮುಗಿಯುವ ಹೊತ್ತು, ಗರಸು ನೆಲ ಕಾದ ಹೆಂಚಿನ ಹಾಗಿರುವಾಗ, ಒಂದು ಮಳೆ ಬೀಳಲಿ ಬೀಳದಿರಲಿ, ನೆಲದೊಳಗಿಂದ ಬೋಳು ದಂಟೊಂದು ಎದ್ದು ನಿಲ್ಲುತ್ತದೆ. ಮೊಣಕಾಲೆತ್ತರ, ಕೆಲವು ತೊಡೆಯೆತ್ತರ. ಎಲೆ ಅಂತ ಒಂದೂ ಇಲ್ಲ. ದಂಟಿನ ಉದ್ದಕ್ಕೂ ಬಿಡಿಬಿಡಿಯಾಗಿ ಜೋತುಬಿದ್ದ ಸಣ್ಣ ಹೂ, ಆರೆಸಳಿನದು. ಬಿಳಿಯೂ ಅಲ್ಲ, ಹಸಿರೂ ಅಲ್ಲ, ಮಾಸಿದ ಪಂಚೆಯ ಬಣ್ಣ. ಹೊತ್ತು ಇಳಿದ ಮೇಲೆ ಅರಳುತ್ತದೆ, ಮಾರನೆಯ ಬಿಸಿಲಿಗೆ ಮುದುಡುತ್ತದೆ. ಯಾರೂ ಮುಡಿಯುವುದಿಲ್ಲ, ದೇವರಿಗೂ ಏರಿಸುವುದಿಲ್ಲ. ಹೂ ಹೋಗಿ, ಮೂರು ಮೂಲೆಯ ಕಾಯಿ ಒಡೆದು, ತೆಳ್ಳನೆ ಕರಿ ಬೀಜ ಗಾಳಿ ಪಾಲಾದ ಮೇಲೆ ಮಳೆ ಹಿಡಿಯುತ್ತದೆ. ಎಲೆ ಬರುವುದು ಆಗ. ನೆಲಕ್ಕೆ ಒರಗಿದ ಚಪ್ಪಟೆ ಎಲೆ. ಚಳಿ ಬೀಳುವ ಹೊತ್ತಿಗೆ ಅದೂ ಮಾಯ. ಒಂದೇ ಗಡ್ಡೆಯಲ್ಲಿ ಹುಟ್ಟಿದ ಹೂವೂ ಎಲೆಯೂ ಒಂದರ ಮುಖ ಒಂದು ನೋಡಿರುವುದಿಲ್ಲ.

ಗಡ್ಡೆ ನಿಂಬೆಹಣ್ಣಿನಿಂದ ಹಿಡಿದು ಮುಷ್ಟಿ ಗಾತ್ರದವರೆಗೆ. ಸುಲಿದರೆ ಈರುಳ್ಳಿಯ ಹಾಗೇ ಪದರ ಪದರ. ಆದರೆ ಈರುಳ್ಳಿ ಕಣ್ಣು ಉರಿಸಿದರೆ ಇದು ಕೈ ಉರಿಸುತ್ತದೆ. ಲೋಳೆ ತಗುಲಿದಲ್ಲೆಲ್ಲ ನವೆ, ಬೆರಳ ಸಂದಿಯಲ್ಲಿ ಕೆಂಪು ಗುಳ್ಳೆ. ಅಬ್ಬಾ, ಆ ನವೆ! ನನ್ನಂಥ ಚಡಪಡಿಸುವವಳಿಗೆ ಅದು ಬೇರೆ ಬೇಕಿತ್ತು. ಕುರಿ ಮೂಸಿ ಮುಂದೆ ಹೋಗುತ್ತದೆ, ದನ ಮೂಸುವುದೂ ಇಲ್ಲ. ಅದಕ್ಕೇ ಎಲ್ಲ ಮೇಯ್ದು ಬೋಳಾದ ಕಾವಲಿನಲ್ಲೂ ಇದು ಉಳಿದಿರುತ್ತದೆ.

ಕಾಲಲ್ಲಿ ಆಣಿ ಎದ್ದ ಕುರಿಗಾಹಿಗಳು ಇದನ್ನು ಕೆಂಡದಲ್ಲಿ ಸುಟ್ಟು, ಹೋಳು ಮಾಡಿ, ಬಿಸಿಯಿರುವಾಗಲೇ ಅಂಗಾಲಿಗೆ ಕಟ್ಟುತ್ತಿದ್ದರು. ಅಷ್ಟು ಎಲ್ಲರಿಗೂ ಗೊತ್ತಿತ್ತು. ಹೊಟ್ಟೆಗೆ ತೆಗೆದುಕೊಳ್ಳುವ ಔಷಧವೂ ಇದೇ ಎಂದು ಮಾತ್ರ ಊರಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಅದು ನಮ್ಮವ್ವನ ಗುಟ್ಟು.

ಅವ್ವ ಮೈ ಊದಿದವರಿಗೆ ಔಷಧ ಕೊಡುತ್ತಿದ್ದಳು. ಪಾದ ಊದಿ, ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಹಾಗೇ ಉಳಿದು, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತದಲ್ಲ, ಅಂಥವರಿಗೆ. ಹಳೆಯ ಕೆಮ್ಮಿಗೂ ಜೇನಿನಲ್ಲಿ ಒಂದಿಷ್ಟು. ಗಡ್ಡೆಯ ಮೇಲಿನ ಒಣ ಸಿಪ್ಪೆ ಬೇಡ, ಒಳಗಿನ ತಿರುಳೂ ಬೇಡ. ನಡುವಿನ ಪದರಗಳನ್ನು ಸೀಳಿ, ದಾರಕ್ಕೆ ಪೋಣಿಸಿ, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಹಳೆಯ ಬೆಲ್ಲದಲ್ಲಿ ಸಣ್ಣ ಗುಳಿಗೆ ಕಟ್ಟುವಳು. ಗುಳಿಗೆ ತಿಂದವರಿಗೆ ನೀರು ಹೋಗಲು ಶುರುವಾಗಿ ಊತ ಇಳಿಯುವುದು. ಸಿದ್ದಾಪುರದಲ್ಲಿ ಹೆರಿಗೆ ಕಷ್ಟವಾದವರು ಬ್ರಹ್ಮಗಿರಿಯಲ್ಲಿ ಹಳೆಯ ಅಕ್ಷರ ಕೊರೆದ ಬಂಡೆ, ಅಕ್ಷರಗುಂಡಿನ ಮೇಲೆ ನೀರು ಹೊಯ್ದು ಆ ನೀರು ಕುಡಿಯುತ್ತಿದ್ದರು, ಮೈ ಊದಿದವರು ನಮ್ಮ ಮನೆಗೆ ಬರುತ್ತಿದ್ದರು.

ನೇಮಗಳು ಒಂದೆರಡಲ್ಲ. ಗಡ್ಡೆಗೆ ಕಬ್ಬಿಣ ಮುಟ್ಟಿಸಬಾರದು, ತಂಗಡಿ ಗಿಡದ ಗೂಟದಿಂದ ಅಗೆಯಬೇಕು. ಅಗೆಯಲು ಹೊರಟವರು ಮನೆಗೆ ಬರುವ ತನಕ ಮಾತಾಡಬಾರದು. ಕೊಟ್ಟದ್ದಕ್ಕೆ ಒಂದು ಎಲೆ ಅಡಿಕೆ ಕೂಡ ಇಸಿದುಕೊಳ್ಳಬಾರದು. ಎಲ್ಲಕ್ಕಿಂತ ದೊಡ್ಡ ನೇಮವನ್ನು ಅವ್ವ ದಿನಾ ಹೇಳುತ್ತಿದ್ದಳು: "ಕೊಡೋರು, ತಗಳೋರು, ಇಬ್ರೇ. ಮೂರನೇ ಕಿವಿಗೆ ಬಿತ್ತೋ, ಔಷಧ ಬರೀ ಮಣ್ಣು." ಅವ್ವ ಕೊಡುತ್ತಾಳೆಂದು ಊರಿಗೆ ಗೊತ್ತಿದ್ದರೂ, ಇಂಥವರಿಗೆ ಇಂಥ ದಿನ ಕೊಟ್ಟಳೆಂಬ ಸುದ್ದಿ ಮೂರನೆಯವರಿಗೆ ತಿಳಿಯಕೂಡದು. ಗಡ್ಡೆಯ ಹೆಸರಂತೂ ತಗೊಳ್ಳುವವರಿಗೂ ತಿಳಿಯಕೂಡದು.

ಆ ನೇಮಕ್ಕೆ ನಮ್ಮಪ್ಪನೇ ಬಲಿಯಾದ. ಆಗ ನನಗೆ ಎಂಟು ವರ್ಷವಿರಬಹುದು. ಅಕ್ಕನ ಹೆರಿಗೆಗೆಂದು ಅವ್ವ ರಾಯದುರ್ಗಕ್ಕೆ ಹೋಗಿದ್ದಳು. ಇಲ್ಲಿ ಅಪ್ಪನ ಕಾಲು ಊದಿತು, ಹೊಟ್ಟೆ ಊದಿತು, ಮಲಗಿದರೆ ಉಸಿರು ಕಟ್ಟುವುದು. ಆಳು ರಾಯದುರ್ಗಕ್ಕೆ ಓಡಿದ, ಔಷಧ ಯಾವುದು, ಎಲ್ಲಿದೆ ಎಂದು ಕೇಳಿಕೊಂಡು ಬರಲು. ಅಕ್ಕನಿಗೆ ನಂಜು ಏರಿತ್ತು, ಕೂಸು ಬೇರೆ ಸೊರಗಿತ್ತು, ಅವ್ವ ಆ ಕ್ಷಣ ಹೊರಡುವ ಹಾಗಿರಲಿಲ್ಲ. "ನಾಲ್ಕು ದಿನ ತಡೀರಿ, ನಾನೇ ಬಂದು ಕೊಡ್ತೀನಿ" ಎಂದು ಹೇಳಿ ಕಳಿಸಿದಳು. ಅವಳು ಐದನೆಯ ದಿನ ಗಾಡಿ ಇಳಿದಾಗ ನಾವೆಲ್ಲ ಅಪ್ಪನನ್ನು ಮಣ್ಣು ಮಾಡಿ ಬಂದು ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆವು. ಗುಳಿಗೆಯ ಕುಡಿಕೆ ಅಪ್ಪ ಮಲಗಿದ್ದ ಮಂಚದ ಮೇಲಿನ ಅಟ್ಟದಲ್ಲೇ ಇತ್ತು. ನಾನು ಆ ಅಟ್ಟದ ಕೆಳಗೇ ನಾಲ್ಕು ದಿನ ಅತ್ತಿಂದಿತ್ತ ತಿರುಗಿದ್ದೆ.

ಅವ್ವ ಈ ಸಂಗತಿಯನ್ನು ಯಾವತ್ತೂ ಮುಚ್ಚಿಡಲಿಲ್ಲ. ಕೇಳಿದವರಿಗೆಲ್ಲ ಹೇಳುವಳು, ಕೊನೆಗೆ ಇದನ್ನು ಸೇರಿಸುವಳು: "ಹೇಳಿ ಕಳಿಸಿದ್ರೂ ಏನೂ ಆಗ್ತಿರ್ಲಿಲ್ಲ ಕಣೇ. ಆಳಿನ ಕಿವಿಗೆ ಬಿದ್ದ ಮೇಲೆ ಅದು ಬರೀ ಮಣ್ಣು. ಮಣ್ಣು ತಿನ್ನಿಸಿ ಯಾರನ್ನ ಉಳಿಸಾಕಾಗುತ್ತೆ?" ಆ ಮಾತನ್ನು ಹಿಡಿದುಕೊಂಡೇ ಅವಳು ಎದ್ದು ಓಡಾಡುತ್ತಿದ್ದಳು.

ನನಗೆ ಮದುವೆ ಗೊತ್ತಾದ ವರ್ಷ ಸೂರ್ಯಗ್ರಹಣ ಬಂತು. ಅವ್ವ ನನ್ನನ್ನು ಕೆರೆಯಲ್ಲಿ ಸೊಂಟದ ನೀರಿಗೆ ಇಳಿಸಿ, ಕಿವಿಯಲ್ಲಿ ಎಲ್ಲವನ್ನೂ ಹೇಳಿಕೊಟ್ಟಳು. ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು, ವಾಂತಿ ಶುರುವಾದರೆ ಅಲ್ಲಿಗೇ ನಿಲ್ಲಿಸಿ ಬರೀ ಗಂಜಿಯ ತಿಳಿ ಕುಡಿಸಬೇಕು. "ಜಾಸ್ತಿ ಆದ್ರೆ ಎದೆ ನಿಂತು ಹೋಗುತ್ತೆ, ಹುಷಾರು" ಎಂದಳು. ಅಲ್ಲಾಡದೆ ನಿಲ್ಲೇ ಎಂದು ನಡುನಡುವೆ ಬೈದಳು. ನೀರು ತಣ್ಣಗಿತ್ತು, ನಾನು ಹೇಗೆ ನಿಲ್ಲಲಿ?

ಚಳ್ಳಕೆರೆಗೆ ಸೊಸೆಯಾಗಿ ಬಂದೆ. ಪ್ಲೇಗಿಗೆ ಹೆದರಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಜನ ಊರೊಳಗಿನ ಮನೆಗಳಿಗೆ ಮರಳಿದ್ದ ಕಾಲ. ಯಜಮಾನರದು ಕಂಬಳಿ ವ್ಯಾಪಾರ. ಮಾತು ಕಡಿಮೆ, ಆಡಿದ ಮಾತಿಗೆ ತಪ್ಪುವವರಲ್ಲ. ಮಾವ ತೀರಿಹೋಗಿದ್ದರು. ಮನೆಯಲ್ಲಿ ಅತ್ತೆಯದೇ ಕಾರುಬಾರು. ಅವರ ಬಾಯಿಗೆ ಪೇಟೆಯ ಸಾಬರ ಗಾಡಿಯವರೂ ಹೆದರುತ್ತಿದ್ದರು. ಕಾಲಲ್ಲಿ ಗಟ್ಟಿ ಬೆಳ್ಳಿಯ ಕಡಗ. ಅದರ ಸದ್ದು ಪಡಸಾಲೆಯಲ್ಲಿ ಕೇಳಿದರೆ ಹಿತ್ತಿಲಲ್ಲಿ ನಾನು ಕೈಗೆ ಪೊರಕೆ ಎತ್ತಿಕೊಳ್ಳುತ್ತಿದ್ದೆ. ಬಂದ ಹೊಸತರಲ್ಲಿ ನನ್ನ ಓಡಾಟ ನೋಡಿ, "ಇದೇನೇ, ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟೀಯಾ?" ಎಂದರು. ನಾನೂ ಬಿಡಲಿಲ್ಲ, "ನೀವು ಕಡಗ ಕಟ್ಕೊಂಡಂಗೆ" ಎಂದೆ. ಅವರು ಅರೆಗಳಿಗೆ ದುರುಗುಟ್ಟಿ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ನಮಗಿಬ್ಬರಿಗೂ ದಿನಕ್ಕೊಂದು ಜಗಳವಿಲ್ಲದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

ಐದು ವರ್ಷಕ್ಕೆ ಅತ್ತೆಯ ಪಾದ ಊದಿತು. ನಾಲ್ಕಾರು ದಿನದಲ್ಲಿ ಕಡಗ ಮಾಂಸದೊಳಗೆ ಹೂತುಹೋಯಿತು. ಹರಳೆಣ್ಣೆ ಸವರಿ, ಇಬ್ಬರು ಹಿಡಿದು, ಅವರು ಕಿರುಚುತ್ತಿರುವಂತೆಯೇ ಎಳೆದು ತೆಗೆದೆವು. ಆ ಕಡಗವನ್ನು ಗೂಟಕ್ಕೆ ನೇತುಹಾಕಿದೆ. ಊತ ಮೊಣಕಾಲಿಗೆ ಏರಿತು. ರಾತ್ರಿ ಮಲಗಲಾಗದೆ ದಿಂಬಿಗೆ ಒರಗಿ ಕೂರುವರು. ಅಪ್ಪನದೂ ಹೀಗೇ ಶುರುವಾಗಿತ್ತಲ್ಲ! ಈ ಬಾಯಿಬಡುಕಿ ಮುದುಕಿ ಇಲ್ಲದ ಮನೆಯನ್ನು ನೆನೆಸಿಕೊಂಡರೆ ನನಗೆ ಅಳುವೇ ಬರುತ್ತಿತ್ತು.

ನನ್ನ ಪೆಟ್ಟಿಗೆಯಲ್ಲಿ ಅವ್ವ ಕೊಟ್ಟ ಗುಳಿಗೆಗಳಿದ್ದವು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅತ್ತೆಯ ಪಕ್ಕ ಕೂತೆ. "ಅತ್ತೆ, ಒಂದು ಔಷಧ ಐತೆ. ಕೊಡ್ತೀನಿ. ಆದ್ರೆ ನಾನು ಕೊಟ್ಟೆ ಅಂತ ಯಾರಿಗೂ ಹೇಳಂಗಿಲ್ಲ. ನಿಮ್ಮ ಮಗನಿಗೂ."

"ಏನು ಔಷಧ?"

"ಅದನ್ನೂ ಕೇಳಂಗಿಲ್ಲ."

ಅವರು ನನ್ನ ಮುಖವನ್ನೇ ಒಂದು ಥರ ನೋಡಿದರು. ಕೊನೆಗೆ, "ಆಯ್ತು. ಮಾತು ಕೊಟ್ಟೆ" ಎಂದು ಕೈ ಚಾಚಿದರು. ದಿನಕ್ಕೊಂದು ಗುಳಿಗೆ, ಬೆಳಗ್ಗೆ, ಯಜಮಾನರು ಅಂಗಡಿಗೆ ಹೋದ ಮೇಲೆ.

ಎರಡನೆಯ ದಿನಕ್ಕೆ ಗುಣ ಕಂಡಿತು. ಮೂರನೆಯ ದಿನ ಅತ್ತೆ ಕಾಲು ಚಾಚಿ, ಕಾಲ ಗಿಣ್ಣಿನ ಮೂಳೆ ಕಾಣುತ್ತಿದೆ ನೋಡು ಎಂದು ಕಣ್ಣಲ್ಲೇ ತೋರಿಸಿದರು. ನನಗೆ ಹಿಡಿಸಲಾರದ ಸಂತೋಷ. ಆದರೆ ಯಾಕೋ ನಿರಾಳವಿಲ್ಲ. ಇಷ್ಟು ಬೇಗ ಇಳಿಯಬಾರದಲ್ಲ ಎಂದು ಒಳಗೊಳಗೇ ಕಿರಿಕಿರಿ. ಯಜಮಾನರೂ ಆ ವಾರ ಸರಿಯಿರಲಿಲ್ಲ. ಊಟಕ್ಕೆ ಕೂತರೂ ಬೆರಳು ತುರಿಸಿಕೊಳ್ಳುವರು, ಮಾತಿನ ನಡುವೆ ತುರಿಸಿಕೊಳ್ಳುವರು. "ಏನ್ರೀ ಅದು?" ಎಂದರೆ, "ಉಣ್ಣೆ ಕಣೇ, ಹೊಸ ಕಂಬಳಿ" ಎಂದರು. ಉಣ್ಣೆಯಲ್ಲೇ ಹುಟ್ಟಿ ಬೆಳೆದವರಿಗೆ ಈಗೇನು ಉಣ್ಣೆ ಚುಚ್ಚುವುದು ಎಂದು ಕೇಳಬೇಕಿತ್ತು. ಕೇಳಲಿಲ್ಲ. ನನ್ನ ಗುಟ್ಟು ಕಾಯುವುದರಲ್ಲೇ ನನಗೆ ಸಾಕಾಗಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಅತ್ತೆ ವಾಂತಿ ಮಾಡಿಕೊಂಡರು. ಒಂದಲ್ಲ, ಎರಡಲ್ಲ, ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಹಸಿರು ನೀರು. ಮೈ ತಣ್ಣಗಾಗಿ ಬೆವರಿತು. "ಗೋಡೆಗೆಲ್ಲಾ ಅರಿಸಿನ ಬಳಿದಂಗೆ ಕಾಣ್ತೈತಲ್ಲೇ" ಎಂದರು. ಕೈ ಹಿಡಿದೆ. ನಾಡಿ ಒಂದು ಬಡಿದರೆ ಇನ್ನೊಂದು ಬಡಿಯುವುದೋ ಇಲ್ಲವೋ ಎಂದು ಕಾಯಬೇಕಾಯಿತು. ದೇವರೇ, ಒಂದು ಗುಳಿಗೆಗೆ ಹೀಗಾಗುವುದಿಲ್ಲ! ಯಾರಿಗೂ ಆದದ್ದಿಲ್ಲ!

ಯಜಮಾನರು ಅಂಗಡಿಯಿಂದ ಓಡಿ ಬಂದರು. ಮಂಚದ ಆ ಕಡೆ ಅವರು, ಈ ಕಡೆ ನಾನು. ನಾನು ಅತ್ತೆಯನ್ನು ಒಂಟಿಯಾಗಿ ಕೇಳಬೇಕಿತ್ತು, ನೀವೇ ನನ್ನ ಪೆಟ್ಟಿಗೆ ತೆಗೆದು ಗುಳಿಗೆ ಜಾಸ್ತಿ ತಿಂದಿರಾ ಎಂದು. ಅದಕ್ಕೆ, "ನೀವೊಂದಿಷ್ಟು ಹೊರಗಿರ್ರಿ" ಎಂದೆ.

"ನೀನೇ ಹೋಗು" ಎಂದರು ಅವರು.

"ನಾನ್ಯಾಕೆ ಹೋಗ್ಲಿ? ನೀವು ಹೋಗ್ರಿ."

"ಹೋಗೇ ಅಂದ್ರೆ! ಒಂದು ಗಳಿಗೆ."

ಹೀಗೆ ಸಾಯುವವರ ತಲೆಯ ಮೇಲೆ ನಿಂತು ನೀ ಹೋಗು ನಾ ಹೋಗು ಎಂದು ಗುದ್ದಾಡಿದೆವು. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆಗ ಇಬ್ಬರಿಗೂ ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಿ ಅವರ ಎಡಗೈ ಸೊಂಟದ ಹತ್ತಿರ ಹೋಯಿತು, ಅಲ್ಲಿ ಸಿಕ್ಕಿಸಿಕೊಂಡಿದ್ದ ಮುತ್ತುಗದೆಲೆಯ ಸಣ್ಣ ಪೊಟ್ಟಣದ ಕಡೆಗೆ. ಹೋದ ಕೈ ಅಲ್ಲೇ ತುರಿಸಿಕೊಳ್ಳತೊಡಗಿತು. ನಾನು ಮಂಚ ಸುತ್ತಿ ಹೋಗಿ ಆ ಕೈ ಹಿಡಿದೆಳೆದೆ. ಬೆರಳ ಸಂದಿಯಲ್ಲಿ ಕೆಂಪು ಗುಳ್ಳೆ. ಆ ಗುಳ್ಳೆಯನ್ನು ನಾನು ಹುಟ್ಟಿದಾಗಿನಿಂದ ಅವ್ವನ ಕೈಯಲ್ಲಿ, ಗುಟ್ಟು ಕಲಿತ ಮೇಲೆ ನನ್ನ ಕೈಯಲ್ಲೂ ನೋಡಿದ್ದೆ.

"ಇದೇನು?"

ಅವರು ಇನ್ನೊಂದು ಕೈಯಿಂದ ಪೊಟ್ಟಣ ಕಿತ್ತು ಬಿಗಿಯಾಗಿ ಹಿಡಿದುಕೊಂಡರು.

"ಯಾರು ಕೊಟ್ರು ಇದನ್ನ? ಏನಿದು?"

"ಮಾತು ಕೊಟ್ಟೀನಿ ಕಣೇ" ಎಂದರು. "ಹೇಳಿದ್ರೆ ಔಷಧ ಕೆಡುತ್ತೆ. ವಾಂತಿ ಆದ್ರೆ ಕಫ ಕಿತ್ತು ಬರ್ತೈತೆ, ಆಗ ಇನ್ನೊಂದು ಕೊಡು ಅಂದವ್ನೆ. ಬಿಡು, ಕೊಡ್ತೀನಿ."

ಇನ್ನೊಂದು! ಇನ್ನೊಂದು ಕೊಟ್ಟರೆ ಮುಗಿಯಿತು. ಆಗ ಅವ್ವನ ನೇಮ ನನಗೆ ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾದೀತು. ನೆನಪಿಗೆ ಬಂತು. ಕೆರೆಯ ತಣ್ಣನೆ ನೀರು ಸೊಂಟಕ್ಕೆ ತಾಗಿದ ಹಾಗೆ ಬಂತು. ಆದರೂ ಬೀದಿಗೆ ಕೇಳುವ ಹಾಗೆ ಕೂಗಿದೆ: "ಅಡವಿ ಈರುಳ್ಳಿ! ನಾನೂ ದಿನಾ ಅಡವಿ ಈರುಳ್ಳಿ ಕೊಡ್ತಿದ್ದೀನ್ರೀ! ನಿಮ್ಮದೂ ಅದೇ ಅಲ್ವಾ? ಬಾಯಿ ಬಿಡ್ರಿ, ನಿಮ್ಮ ಮಾತಿನ ಮನೆ ಹಾಳಾಗ!"

ಅವರು ಕಂಬಕ್ಕೆ ಒರಗಿಬಿಟ್ಟರು. ಪೊಟ್ಟಣ ಕೈಯಿಂದ ಜಾರಿತು. ಮಂಚದ ಮೇಲಿಂದ ಅತ್ತೆಯ ದನಿ, ಬಾವಿಯೊಳಗಿಂದ ಬಂದಂತೆ: "ಇಬ್ರೂ ಕೊಟ್ರು. ಬೆಳಗ್ಗೆ ಇವ್ಳು, ಸಂಜಿಗೆ ಅವ್ನು. ನಾನೇನ್ ಮಾಡ್ಲಿ, ಇಬ್ರಿಗೂ ಮಾತು ಕೊಟ್ಟಿದ್ದೆ."

ಅಯ್ಯೋ ನನ್ನ ಅತ್ತೆ! ಊರವರ ಗುಟ್ಟನ್ನೆಲ್ಲ ಬೀದಿಗೆ ಹರಡುವ ಆ ಬಾಯಿ, ಜನ್ಮದಲ್ಲಿ ಒಂದು ಸಲ ಮಾತು ಉಳಿಸಿಕೊಂಡಿತ್ತು. ಅದಕ್ಕೇ ಸಾಯುತ್ತಿತ್ತು.

ಎಲ್ಲ ನಿಲ್ಲಿಸಿದೆವು. ನನ್ನ ಉಳಿದ ಗುಳಿಗೆಗಳನ್ನೂ ಅವರ ಪೊಟ್ಟಣವನ್ನೂ ತಿಪ್ಪೆಗೆ ಎಸೆದೆ. ಗಂಜಿಯ ತಿಳಿ ಬಿಟ್ಟು ಬೇರೇನೂ ಇಲ್ಲ. ಎರಡು ದಿನ ನಾನು ನೆಲಕ್ಕೆ ಬೆನ್ನು ಹಾಕಲಿಲ್ಲ. ಮಂಚದಿಂದ ಹೊಸ್ತಿಲು, ಹೊಸ್ತಿಲಿಂದ ಮಂಚ, ಬಂದಾಗಲೆಲ್ಲ ನಾಡಿ ಹಿಡಿದು ಎಣಿಸುವುದು. ಮೂರನೆಯ ಬೆಳಗ್ಗೆ ಅತ್ತೆ ಕಣ್ಣು ಬಿಟ್ಟು, "ಒಂದು ಕಡೆ ಕುಕ್ಕರಿಸೇ, ನಿನ್ನ ನೋಡಿ ನಂಗೆ ತಲೆ ತಿರುಗ್ತೈತೆ" ಎಂದರು. ನಾನು ಒಲೆಯ ಮುಂದೆ ಹೋಗಿ ಜೋರಾಗಿ ಅತ್ತುಬಿಟ್ಟೆ.

ಅಳು ಮುಗಿದ ಮೇಲೆ ಸಿಟ್ಟು ಬಂತು. ಸೆರಗು ಸಿಕ್ಕಿಸಿಕೊಂಡು ಕಂಬಳಿ ನೇಯುವವರ ಕೇರಿಗೆ ನಡೆದೆ. ಯಜಮಾನರಿಗೆ ಔಷಧ ಹೇಳಿದವನು ಅಲ್ಲಿಯ ಒಬ್ಬ ಮುದುಕ, ನಮಗೆ ಕಂಬಳಿ ನೇಯ್ದು ಕೊಡುವವನು. ಬೀದಿಯಲ್ಲಿ ಹಾಸಿನ ನೂಲು ಎಳೆದು ಕಟ್ಟಿ, ಹುಣಸೆಬೀಜದ ಸರಿಯನ್ನು, ಅಂದರೆ ಅಂಟುಗಂಜಿಯನ್ನು, ಕುಂಚದಲ್ಲಿ ಅದಕ್ಕೆ ಬಳಿಯುತ್ತಿದ್ದ. ಸರಿಯ ಮಡಕೆಯ ಪಕ್ಕದಲ್ಲಿ ಜಜ್ಜಿದ ಅಡವಿ ಈರುಳ್ಳಿಯ ರಾಶಿ! ಅದರ ಲೋಳೆ ಸರಿಯಲ್ಲಿ ಬೆರೆಸಿದರೆ ನೂಲು ಬಿಗಿಯಾಗುತ್ತದೆ, ಹುಳ ಹತ್ತುವುದಿಲ್ಲವಂತೆ. ಹಸಿ ಗಡ್ಡೆಯನ್ನೇ ಅರೆದು ಕೊಡಲು ಹೇಳಿದ್ದ ಆ ಪುಣ್ಯಾತ್ಮ. ಒಣಗಿದ್ದಕ್ಕಿಂತ ಹಸಿಯದಕ್ಕೆ ಜೋರು ಹೆಚ್ಚು. ನಾನು ಅವ್ವನ ಔಷಧದ ಕತೆಯನ್ನೂ ಸೇರಿಸಿ ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಕುಂಚ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ.

"ಯಾರಿಗೂ ಹೇಳಬ್ಯಾಡ ಅಂತ ನಮ್ಮಪ್ಪ ಹೇಳಿದ್ದ ತಾಯಿ. ನಮ್ಮ ಮನೇಲಿ ಮಾತ್ರ ಐತೆ ಈ ಔಷಧ ಅಂದ್ಕೊಂಡಿದ್ದೆ" ಎಂದ. ಆಮೇಲೆ ಮೆಲ್ಲಗೆ, "ನಿಮ್ಮವ್ವಾರೂ ಹಂಗೇ ಅಂದ್ಕೊಂಡಿದ್ರಾ?" ಎಂದು ಕೇಳಿದ. ನಾನು ಸಿಕ್ಕಿಸಿದ್ದ ಸೆರಗು ಇಳಿಬಿಟ್ಟೆ. ಬಂದ ದಾರಿಯಲ್ಲೇ ವಾಪಸು ಬಂದೆ.

ಅವ್ವನಿಗೆ ತಿಳಿಸದೆ ಇರಲಾಗಲಿಲ್ಲ. ಅತ್ತೆ ಗಂಜಿಯಿಂದ ಮುದ್ದೆಗೆ ಬಂದ ಮೇಲೆ ಗಾಡಿ ಕಟ್ಟಿಸಿಕೊಂಡು ಸಿದ್ದಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಗಾಡಿಯಿಂದ ಇಳಿದು ನಡೆದು, ಮತ್ತೆ ಹತ್ತಿ, ಮತ್ತೆ ಇಳಿದು, ಗಾಡಿಯವನಿಗೆ ಹುಚ್ಚು ಹಿಡಿಸಿದೆ. ಅವ್ವ ಎಲ್ಲ ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹೋಯ್ತು ಹಂಗಾರೆ" ಎಂದಳು. "ಇನ್ನು ನಿನ್ನ ಕೈಯಾಗೆ ಅದು ನಡೆಯಲ್ಲ. ನಿಮ್ಮತ್ತೆಗಂತೂ ನಡೆಯಾದೇ ಇಲ್ಲ. ಬರೀ ಮಣ್ಣು." ಅಟ್ಟದ ಕುಡಿಕೆಯಿಂದ ಒಂದು ಗುಳಿಗೆಯನ್ನೂ ಕೊಡಲಿಲ್ಲ. ನಾನು ಬೇಡಿದೆ, ರೇಗಿದೆ, ಕೊನೆಗೆ ಊಟ ಮಾಡದೆ ಹೊರಟುಬಂದೆ.

ಒಂದೂವರೆ ತಿಂಗಳಿಗೆ ಊತ ಮರಳಿತು. ಈ ಸಲ ಹೊಟ್ಟೆಗೇ ಬಂತು. ಅತ್ತೆಯ ಕತೆ ಮುಗಿಯಿತೆಂದು ಯಜಮಾನರು ನೆಂಟರಿಗೆಲ್ಲ ಹೇಳಿ ಕಳಿಸಿದರು, ಸಿದ್ದಾಪುರಕ್ಕೂ. ಅತ್ತೆ ನನ್ನನ್ನು ಕರೆದರು. "ಆ ಗಡ್ಡೆ ತಂದು ಕೊಡೇ."

"ಅದರ ಗುಣ ಹೋಗೈತಂತೆ ಅತ್ತೆ. ಹೆಸರು ಹೇಳಿಬಿಟ್ಟೆನಲ್ಲ."

"ಹೋಗಿದ್ರೆ ಹೋಗ್ಲಿ. ನಾನೂ ಹೊಂಟೋಳೇ ಅಲ್ವಾ? ಇಬ್ರೂ ಕೂಡಿ ಹೋಗ್ತೀವಿ, ತಗಂಬಾ."

ಉಳ್ಳಾರ್ತಿ ಕಾವಲಿಗೆ ಹೋದೆ. ಮಳೆಗಾಲದ ನಡು, ಹೂವಿನ ಸುಳಿವಿಲ್ಲ, ಹುಲ್ಲಿನ ನಡುವೆ ಚಪ್ಪಟೆ ಎಲೆ ಮಾತ್ರ. ಕೈಯಲ್ಲಿ ತಂಗಡಿ ಗೂಟವನ್ನೇ ಹಿಡಿದಿದ್ದೆ, ಅಷ್ಟು ಭಯ ಇನ್ನೂ ಇತ್ತು. ಆದರೆ ಬಾಯಿ ಮುಚ್ಚಿಕೊಳ್ಳಲಿಲ್ಲ. ಅಗೆಯುತ್ತ ಅಪ್ಪನ ಹತ್ತಿರ, ದೇವರ ಹತ್ತಿರ, ಗಡ್ಡೆಯ ಹತ್ತಿರ, ಎಲ್ಲರ ಹತ್ತಿರವೂ ಜಗಳವಾಡಿದೆ. ದನ ಕಾಯುವವನೊಬ್ಬ ದೂರದಿಂದ ನನ್ನನ್ನು ನೋಡಿ ದಾರಿ ಬದಲಿಸಿದ.

ಹಸಿಯದನ್ನು ಕೊಡಲು ಧೈರ್ಯವಿಲ್ಲ. ನೆರಳಲ್ಲಿ ಒಣಗಲು ಎಂಟು ದಿನ ಬೇಕು. ಆ ಎಂಟು ದಿನ ನಾನು ಕಂಡ ನರಕ ಬೇರೆ ಯಾರೂ ಕಾಣುವುದು ಬೇಡ. ಒಳಗೆ ಅತ್ತೆಯ ಏದುಸಿರು, ಹೊರಗೆ ಮೋಡ. ಗಳಿಗೆಗೊಮ್ಮೆ ಹೋಗಿ ಹೋಳುಗಳನ್ನು ಮುಟ್ಟಿ ನೋಡುವುದು, ಕೈ ನವೆಯಾಗಿ ತುರಿಸಿಕೊಳ್ಳುವುದು, ಮತ್ತೆ ಮುಟ್ಟುವುದು. ಒಂಬತ್ತನೆಯ ದಿನ ಗುಳಿಗೆ ಕಟ್ಟಿ, ಯಜಮಾನರನ್ನೂ ಅಕ್ಕಪಕ್ಕದವರನ್ನೂ ಕರೆದು ನಿಲ್ಲಿಸಿಕೊಂಡೆ. "ಇದು ಅಡವಿ ಈರುಳ್ಳಿ. ದಿನಕ್ಕೆ ಒಂದೇ. ಇನ್ನೊಬ್ಬರು ಯಾರೂ ಏನೂ ಕೊಡಕೂಡದು" ಎಂದೆ. ಅತ್ತೆ ಅಷ್ಟೂ ಕಿವಿಗಳ ಮುಂದೆ ಅದನ್ನು ನುಂಗಿದರು.

ನಡೆಯಿತು! ಎಷ್ಟು ನೀರು ಹೋಯಿತೆಂದರೆ ಅವರನ್ನು ಹಿತ್ತಿಲಿಗೆ ಕರೆದೊಯ್ದು ಕರೆತಂದು ನನ್ನ ಭುಜ ಬಿದ್ದುಹೋಯಿತು. ನಾಲ್ಕನೆಯ ದಿನ ಅತ್ತೆ ತಾವೇ ಗೂಟದಿಂದ ಕಡಗ ಇಳಿಸಿ ಕಾಲಿಗೆ ಏರಿಸಿದರು. ಪಡಸಾಲೆಯಲ್ಲಿ ಆ ಸದ್ದು ಕೇಳಿ ನಾನು ಹಿತ್ತಿಲಲ್ಲಿ ಕುಣಿದೆ. ನಿಜವಾಗಿ ಕುಣಿದೆ, ಪೊರಕೆ ಹಿಡಿದುಕೊಂಡು.

ಅದಾದ ಎರಡು ದಿನಕ್ಕೆ ಅವ್ವನ ಗಾಡಿ ಬಂತು. ಸುದ್ದಿ ತಡವಾಗಿ ಮುಟ್ಟಿ, ಆಮೇಲೆ ಹಳ್ಳ ತುಂಬಿ ಹರಿದು ದಾರಿಯಲ್ಲೇ ನಿಂತಿದ್ದಳಂತೆ. ಸಾಯುವ ಬೀಗಿತಿಯ ಮುಖ ನೋಡಲು ಬಂದವಳಿಗೆ, ಜಗಲಿಯ ಮೇಲೆ ಕಾಲು ಚಾಚಿ ಮೊರದಲ್ಲಿ ನವಣೆ ಕೇರುತ್ತಿದ್ದ ಬೀಗಿತಿ ಕಂಡರು.

"ಬರ್ರಿ ಬೀಗ್ರೇ, ನನ್ನ ಮಣ್ಣಿಗೆ ಬಂದ್ರಾ? ಹೋಗ್ಲಿ ಬಿಡ್ರಿ, ಬಂದಿದ್ದಕ್ಕೆ ಉಂಡಾದ್ರೂ ಹೋಗ್ರಿ" ಎಂದು ಅತ್ತೆ ನಕ್ಕರು.

ಅವ್ವ ನಗಲಿಲ್ಲ. ಕಡಗವನ್ನು ನೋಡುತ್ತಿದ್ದಳು. "ಯಾರ ಔಷಧ?" ಎಂದಳು.

"ಇನ್ಯಾರದು, ನಿಮ್ಮದೇ. ಅಡವಿ ಈರುಳ್ಳಿ! ಊರಿಗೆಲ್ಲಾ ಗೊತ್ತು ಬಿಡ್ರಿ, ಎಲ್ರ ಮುಂದೇನೇ ಕೊಟ್ಲು ನಿಮ್ಮ ಮಗಳು."

ಅವ್ವ ನನ್ನ ಕಡೆ ತಿರುಗಿದಳು. "ಹೆಸರು ಹೇಳಿ ಕೊಟ್ಟೆಯಾ?"

"ಹೂಂ ಅವ್ವ."

"ಎಷ್ಟು ದಿನಕ್ಕೆ ಇಳೀತು?"

ಅವಳು ಏನನ್ನು ಕೇಳುತ್ತಿದ್ದಾಳೆಂದು ನನಗೆ ಆಗ ಹೊಳೆಯಿತು. ಹದಿನೈದು ದಿನ, ತಿಂಗಳು, ಅರೆಬರೆ ಇಳಿಯಿತು ಎಂಬ ಮಾತು ಅವಳಿಗೆ ಬೇಕಿತ್ತು. ಸುಳ್ಳು ಹೇಳಲು ನಾನು ಬಾಯಿ ತೆರೆದೆ. ಅತ್ತೆ ನನಗಿಂತ ಮುಂಚೆ, ಹೆಮ್ಮೆಯಿಂದ, ಕಾಲು ಕುಲುಕಿ ಕಡಗ ಸದ್ದು ಮಾಡಿ ಹೇಳಿಬಿಟ್ಟರು: "ನಾಲ್ಕೇ ದಿನ ಕಣ್ರಿ! ನಾಲ್ಕನೇ ದಿನಕ್ಕೆ ಇದನ್ನ ಹಾಕ್ಕೊಂಡೆ."

ಅವ್ವ ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಕುಡಿಯಲು ಕೊಟ್ಟ ನೀರನ್ನು ಪಕ್ಕಕ್ಕಿಟ್ಟಳು. ಅತ್ತೆಗೆ ಏನೋ ತಪ್ಪಾಯಿತೆಂದು ತಿಳಿದು ಮೊರ ಎತ್ತಿಕೊಂಡು ಒಳಗೆ ಹೋದರು. ಅವ್ವ ಬೀದಿಯನ್ನು ನೋಡುತ್ತಲೇ ಮಾತಾಡಿದಳು.

"ಆ ಆಳು ಮೂರು ಸಲ ಕೇಳ್ದ ಕಣೇ. ಹೆಸರು ಒಂದು ಹೇಳ್ರವ್ವಾ, ಓಡ್ಕೊಂಡು ಹೋಗಿ ಹೇಳ್ತೀನಿ ಅಂದ. ಬಾಗಿಲು ಬಿಟ್ಟು ಕದಲಲೇ ಇಲ್ಲ. ನಾನೇ ಗದರಿಸಿ ಕಳಿಸ್ದೆ."

"ಅವ್ವಾ, ಅಪ್ಪಂಗೆ ಜೋರಾಗಿತ್ತು. ಕೊಟ್ಟಿದ್ರೂ ಉಳೀತಿದ್ನೋ ಇಲ್ವೋ ಯಾರಿಗೆ ಗೊತ್ತು" ಎಂದೆ. ನಿಜವಾಗಿಯೂ ಯಾರಿಗೂ ಗೊತ್ತಿಲ್ಲ. ಅವಳು ಕೇಳಿಸಿಕೊಳ್ಳಲಿಲ್ಲ.

"ಮಂಚದ ಮೇಲಿನ ಅಟ್ಟದಾಗೇ ಇತ್ತಲ್ಲೇ ಕುಡಿಕೆ" ಎಂದಳು.

ನಾನು ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತೆ. ಬಿಸಿಲು ಬಂತು, ಹೋಯಿತು. ಒಳಗಿಂದ ಅತ್ತೆ ಎರಡು ಸಲ ಊಟಕ್ಕೆ ಕರೆದರು. ದೀಪ ಹಚ್ಚುವ ಹೊತ್ತಿನವರೆಗೂ ನಾನು ಅಲ್ಲಿಂದ ಏಳಲಿಲ್ಲ.